ಮನೆ ಕಟ್ಟದ ಸಂಸಾರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಎರಡನ್ನೂ ಮಾಡಿ ಸುಸ್ತಾದ ಮೇಲೆಯೇ ಇರಬೇಕು. ಮನೆ ಕಟ್ಟಿಸಿದವರನ್ನು ಮಾತಾಡಿಸಿ ನೋಡಿ. ಮೇಸ್ತ್ರಿ ಕೈಕೊಟ್ಟದ್ದು, ಮರಳಿನ ದರ ಏರಿದ್ದು, ಬಚ್ಚಲಿಗೆ ಆರಿಸಿದ ಟೈಲ್ಸೇ ಬೇರೆ, ಬಂದದ್ದೇ ಬೇರೆ ಆದದ್ದು. ಗೃಹಪ್ರವೇಶವಾಗಿ ಹತ್ತು ವರ್ಷ ಕಳೆದರೂ ಆ ಪುರಾಣ ಮುಗಿಯುವುದಿಲ್ಲ. ಹಕ್ಕಿಗಳಿಗೂ ಈ ಗೋಳು ತಪ್ಪಿದ್ದಲ್ಲ. ಗಂಡು ಗೀಜಗ ಹುಲ್ಲೆಳೆ ಸೀಳಿ ತಂದು ದಿನಗಟ್ಟಲೆ ನೇಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡಿ ಮೂಗು ಮುರಿಯಿತೋ, ಅರ್ಧ ಕಟ್ಟಿದ್ದನ್ನು ಅಲ್ಲಿಗೇ ಬಿಟ್ಟು ಇನ್ನೊಂದಕ್ಕೆ ಕೈಹಾಕಬೇಕು.

ಇಂಥ ಜಗತ್ತಿನಲ್ಲಿ ಆ ಗಾದೆಯ ಅರ್ಧವನ್ನಷ್ಟೇ ಒಪ್ಪಿಕೊಂಡ ಹಕ್ಕಿಯೊಂದಿದೆ. ಮದುವೆಗೆ ಅದರ ತಕರಾರಿಲ್ಲ. ಒಮ್ಮೆ ಕೂಡಿದ ಜೋಡಿ ವರ್ಷಗಟ್ಟಲೆ ಜೊತೆಗಿರುತ್ತದೆ. ಮನೆ ಮಾತ್ರ ಕಟ್ಟುವುದಿಲ್ಲ. ಒಂದು ಕಡ್ಡಿ, ಒಂದು ಎಲೆ, ಒಂದು ನಾರೂ ತರುವುದಿಲ್ಲ. ಬೋಳು ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆಯಿಟ್ಟು ಸಂಸಾರ ಹೂಡಿಬಿಡುತ್ತದೆ. ಕೊಂಬೆ ಗಾಳಿಗೆ ತೂಗುತ್ತದೆ, ಮಳೆ ಬರುತ್ತದೆ, ಕೆಳಗೆ ಬಸ್ಸು ಓಡಾಡುತ್ತವೆ. ಮೊಟ್ಟೆ ಅಲ್ಲೇ ಇರುತ್ತದೆ, ಬಹುಪಾಲು.

ಇದು ಬಿಳಿ ರೀವ. ಉಷ್ಣವಲಯದ ಸಾಗರಗಳ ಹಕ್ಕಿ. ಇಂಗ್ಲಿಷಿನಲ್ಲಿ ವೈಟ್ ಟರ್ನ್, ಫೇರಿ ಟರ್ನ್, ಏಂಜೆಲ್ ಟರ್ನ್ ಎಂದೆಲ್ಲ ಕರೆಯುತ್ತಾರೆ. ವಿಜ್ಞಾನಿಗಳ ಕಡತದಲ್ಲಿ ಗೈಗಿಸ್ ಆಲ್ಬ. ಆ ಕಡತಕ್ಕೆ ಇದನ್ನು 1786ರಲ್ಲಿ ಸೇರಿಸಿದವನು ಸ್ವೀಡನ್ನಿನ ಆಂಡರ್ಸ್ ಸ್ಪಾರ್ಮನ್, ಕ್ಯಾಪ್ಟನ್ ಕುಕ್‌ನ ಎರಡನೇ ಯಾನದಲ್ಲಿ ಹಡಗಿನಲ್ಲಿದ್ದವನು.

ರೀವಗಳ ಕುಲ ನಮಗೆ ಅಪರಿಚಿತವೇನಲ್ಲ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತಲೆ ಎತ್ತಿದಾಗ ಅಲ್ಲಿ ಸಾವಿರಗಟ್ಟಲೆ ಸೇರಿ ಮರಿ ಮಾಡುವ ಹೊಳೆ ರೀವಗಳನ್ನು ಲಕ್ಕವಳ್ಳಿಯ ಕಡೆ ಹೋದವರು ನೋಡಿರುತ್ತಾರೆ. ಹಳದಿ ಕೊಕ್ಕು, ಬೂದು ರೆಕ್ಕೆ, ನೆತ್ತಿಗೆ ಕರಿ ಟೋಪಿ. ಆ ಕರಿ ಟೋಪಿ ರೀವಗಳಲ್ಲಿ ಹೆಚ್ಚಿನವುಗಳ ಮನೆತನದ ಗುರುತು. ಬಿಳಿ ರೀವ ಅದನ್ನೂ ತೆಗೆದಿಟ್ಟು ಬರಿದಲೆಯಲ್ಲಿ ಓಡಾಡುತ್ತದೆ. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 30 ಸೆಂ.ಮೀ., ತೂಕ 100 ಗ್ರಾಮಿನ ಆಸುಪಾಸು. ತೆಳ್ಳನೆಯ ರೆಕ್ಕೆಗಳನ್ನು ಹರವಿದರೆ ತುದಿಯಿಂದ ತುದಿಗೆ 80 ಸೆಂ.ಮೀ.ವರೆಗೂ ಹೋಗುತ್ತದೆ. ಮೈಯೆಲ್ಲ ಒಂದು ಚುಕ್ಕೆಯಿಲ್ಲದ ಬಿಳಿ. ಹಕ್ಕಿ ನೆತ್ತಿಯ ಮೇಲೆ ಹಾದು ಸೂರ್ಯನಿಗೆ ಅಡ್ಡ ಬಂದಿತೆನ್ನಿ, ಆಗ ರೆಕ್ಕೆಗಳು ಒಗೆದು ಬಿಸಿಲಿಗೆ ಹರವಿದ ಮಲ್ಲು ಪಂಚೆಯ ಹಾಗೆ ಬೆಳಕನ್ನು ಸೋಸುತ್ತವೆ, ಗರಿಯ ನಡುವಿನ ಕಡ್ಡಿಗಳನ್ನು ಎಣಿಸಬಹುದು. ಇಷ್ಟು ಬಿಳಿಯ ಒಡಲಿನ ಗರಿ ಸರಿಸಿದರೆ ಒಳಗೆ ಚರ್ಮ ಕಪ್ಪು. ಬಿಳಿ ಗರಿ ತಡೆಯದೆ ಬಿಡುವ ಸಮಭಾಜಕದ ಬಿಸಿಲಿಗೆ ಅದೇ ಕೊಡೆ ಎನ್ನುತ್ತಾರೆ.

ಕೊಕ್ಕು ಕಪ್ಪು, ಬುಡದಲ್ಲಿ ಶಾಯಿ ನೀಲಿ, ತುದಿ ತುಸುವೇ ಮೇಲಕ್ಕೆ ಬಾಗಿದ್ದು. ನಿಜವಾದ ಸೊಗಸಿರುವುದು ಕಣ್ಣಿನಲ್ಲಿ. ಕಣ್ಣೇ ದೊಡ್ಡದು, ಅದರ ಸುತ್ತ ಕಪ್ಪು ಕಿರುಗರಿಗಳ ಬಳೆ. ಹೀಗಾಗಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಾರೋ ಕೂತು ಕಾಡಿಗೆ ತೀಡಿದ್ದಾರೆ ಅನ್ನಿಸಬೇಕು. ಆ ಕಣ್ಣಿನಿಂದಾಗಿ ಹಕ್ಕಿಗೆ ಸದಾ ಏನನ್ನೋ ಕೇಳಿ ಬೆರಗಾದ ಮುಖಭಾವ. ಕೇಳಿದ್ದೇನೆಂದು ಮಾತ್ರ ಹೇಳುವುದಿಲ್ಲ.

1836ರ ಏಪ್ರಿಲ್‌ನಲ್ಲಿ ಬೀಗಲ್ ಹಡಗು ಹಿಂದೂ ಮಹಾಸಾಗರದ ಕೋಕೋಸ್ ಕೀಲಿಂಗ್ ದ್ವೀಪಗಳಲ್ಲಿ ಲಂಗರು ಹಾಕಿತು. ಹವಳದ ದಿಬ್ಬಗಳು ಹೇಗೆ ಬೆಳೆಯುತ್ತವೆ ಎಂಬ ಲೆಕ್ಕದಲ್ಲಿ ಮುಳುಗಿದ್ದ ಡಾರ್ವಿನ್ನನ ತಲೆಯ ಮೇಲೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಈ ಹಕ್ಕಿ ಬಂದು ರೆಕ್ಕೆ ಬಡಿಯುತ್ತ ನಿಂತಿತು. ಜೀರುಂಡೆಯಿಂದ ಆಮೆಯವರೆಗೆ ಏನು ಕಂಡರೂ ಅಳತೆ ಹಿಡಿಯುತ್ತಿದ್ದ ಮನುಷ್ಯ ಅಂದು ಮಾತ್ರ, ಇಷ್ಟು ಹಗುರಾದ ಮೈಯೊಳಗೆ ಅಲೆಮಾರಿ ಯಕ್ಷಿಣಿಯೊಬ್ಬಳು ವಾಸವಾಗಿದ್ದಾಳೆ ಎಂದುಕೊಂಡರೆ ಕಲ್ಪನೆಗೆ ಹೆಚ್ಚು ಕೆಲಸವಿಲ್ಲ ಎಂಬರ್ಥದ ಮಾತು ಬರೆದಿಟ್ಟ. ಅವನನ್ನು ಅಷ್ಟರ ಮಟ್ಟಿಗೆ ಮೆತ್ತಗೆ ಮಾಡಿದ್ದಕ್ಕೆ ನನಗೆ ಈ ಹಕ್ಕಿಯ ಮೇಲೆ ವಿಶೇಷ ಅಭಿಮಾನ.

ನಾನು ಬಿಳಿ ರೀವವನ್ನು ನೋಡಿದ್ದು ಹವಳದ್ವೀಪದಲ್ಲಲ್ಲ, ಟ್ರಾಫಿಕ್ ಸಿಗ್ನಲ್ಲಿನ ಪಕ್ಕದಲ್ಲಿ. ಅಣ್ಣನ ಮಗಳು ಹವಾಯಿಯ ಹೊನೊಲುಲುವಿನಲ್ಲಿ ಓದುತ್ತಿದ್ದಾಗ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಕಡಲ ಹಕ್ಕಿ ನೋಡಬೇಕು ಎಂದು ನಾನು ಬೈನಾಕ್ಯುಲರ್ ಕಟ್ಟಿಕೊಂಡು ಹೋದವನು. ದೋಣಿ ಹತ್ತಬೇಕಾದೀತು, ವಾಂತಿಗೆ ಮಾತ್ರೆ ಬೇಕಾದೀತು ಎಂದೆಲ್ಲ ತಯಾರಿ ನಡೆಸಿದ್ದೆ. ಅವಳು ವಿಶ್ವವಿದ್ಯಾಲಯದ ಹತ್ತಿರದ ರಸ್ತೆಯಲ್ಲಿ ಒಂದು ಮಳೆ ಮರದ ಕೆಳಗೆ ನಿಲ್ಲಿಸಿ, “ಚಿಕ್ಕಪ್ಪಾ, ಮೇಲೆ ನೋಡಿ. ಎರಡನೇ ಕವಲು, ಎಡಗಡೆ” ಅಂದಳು. ಅಡ್ಡ ಕೊಂಬೆಯ ಮೇಲೆ ಬಿಳಿ ಹಕ್ಕಿ ಸುಮ್ಮನೆ ಕೂತಿತ್ತು. ಕೆಳಗೆ ಗೂಡಿನ ಸುಳಿವಿಲ್ಲ.

“ಇದೇನೇ, ಗೂಡೇ ಇಲ್ವಲ್ಲೇ! ಬಾಣಂತಿಗೆ ಒಂದು ಮರೆಯಾದ್ರೂ ಬೇಡ್ವಾ?” ಎಂದು ನನ್ನ ಹೆಂಡತಿ ನಿಜಕ್ಕೂ ಗಾಬರಿಯಾದಳು.

“ಬಾಣಂತನ ಇಬ್ಬರೂ ಸೇರಿ ಮಾಡ್ಕೋತಾರೆ ಚಿಕ್ಕಮ್ಮ. ಈಗ ಕೂತಿರೋದು ಅಪ್ಪನೋ ಅಮ್ಮನೋ, ಹಕ್ಕಿ ನೋಡೋರಿಗೂ ಗೊತ್ತಾಗಲ್ಲ.”

ಕಾದೆವು. ಸ್ವಲ್ಪ ಹೊತ್ತಿಗೆ ಕಡಲ ಕಡೆಯಿಂದ ಇನ್ನೊಂದು ಹಕ್ಕಿ ಬಂದು ಕೊಂಬೆಯ ಮೇಲಿಳಿದು ಮೈಗೆ ಮೈ ತಾಗಿಸಿ ನಿಂತಿತು. ಇಬ್ಬರೂ ಕೊಕ್ಕಿನಿಂದ ಪರಸ್ಪರ ಕತ್ತಿನ ಗರಿ ತಿದ್ದಿಕೊಂಡರು. ಮಾತುಕತೆಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡ ಮೇಲೆ ಕೂತಿದ್ದದ್ದು ಎದ್ದಿತು. ಏಳುವ ರೀತಿಯನ್ನು ನೋಡಬೇಕು. ಮುಂದಕ್ಕೆ ಹಾರಲಿಲ್ಲ, ಹಾರಿದರೆ ಕಾಲು ತಾಗಿ ಮೊಟ್ಟೆ ಉರುಳುತ್ತದೆ. ಎದೆಗರಿಯನ್ನು ಮೆಲ್ಲಗೆ ಮೇಲೆತ್ತಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು, ಮೊಟ್ಟೆಯಿಂದ ಬಿಡಿಸಿಕೊಂಡು ಹಿಮ್ಮುಖವಾಗಿಯೇ ಗಾಳಿಗೆ ಬಿದ್ದು ಹೋಯಿತು. ಆಗ ಕಂಡದ್ದು ಮೊಟ್ಟೆ: ಮಾಸಲು ಬಿಳಿ, ಮೇಲೆ ಕಂದು ಕಪ್ಪು ಕಲೆ. ಹಿಂದೆಂದೋ ಕೊಂಬೆ ಕಡಿದ ಗಾಯ ಮಾಗಿ ಉಳಿದಿದ್ದ ಬಟ್ಟಲಿನಷ್ಟು ತಗ್ಗಿನಲ್ಲಿ ಕೂತಿತ್ತು. ಹೊಸದಾಗಿ ಬಂದದ್ದು ಹಿಂದಿನಿಂದ ನಡೆದುಬಂದು, ಕೊಕ್ಕಿನಿಂದ ಒಂದಿಷ್ಟು ಸರಿಮಾಡಿ, ಎದೆಗರಿ ಇಳಿಬಿಟ್ಟು ಮುಚ್ಚಿಕೊಂಡಿತು. ನನ್ನ ಹೆಂಡತಿ ಅಲ್ಲಿಯವರೆಗೂ ಉಸಿರು ಹಿಡಿದಿದ್ದಳೆಂದು ಕಾಣುತ್ತದೆ.

ಆ ಮೊಟ್ಟೆ ಚಿಕ್ಕದೂ ಅಲ್ಲ. ಹಕ್ಕಿಯ ತೂಕದ ಐದನೇ ಒಂದು ಭಾಗದಷ್ಟಿರುತ್ತದೆ. ಹೀಗೆ ಪಾಳಿಯ ಮೇಲೆ ಸುಮಾರು ಐದು ವಾರ ಕಾವು ಕೊಡಬೇಕು. ಮರಿಗೆ ಹೊರಬರುವಾಗಲೇ ಗಟ್ಟಿ ಪಾದ, ಕೊಕ್ಕೆಯಂಥ ಉಗುರು. ಕಡಲ ಹಕ್ಕಿಯ ಜಾಲಪಾದವೇ ಸರಿ, ಆದರೆ ಬೆರಳುಗಳ ನಡುವಿನ ಪೊರೆ ಒಳಕ್ಕೆ ಸರಿದು ಬೆರಳು ಬಿಡುವಾಗಿವೆ. ಈಜುವುದಕ್ಕಿಂತ ಹಿಡಿಯುವುದಕ್ಕೆ ಒದಗುವ ಕಾಲು. ಬೂದುಗಂದು ತುಪ್ಪಳದ ಈ ಉಂಡೆ ಹುಟ್ಟಿದ ಕ್ಷಣದಿಂದ ಮಾಡುವ ಮುಖ್ಯ ಕೆಲಸ ಒಂದೇ, ಕೊಂಬೆಯನ್ನು ಬಿಡದೆ ಕೂರುವುದು. ಗಾಳಿ ಬೀಸಿದರೆ ತೊಗಟೆಗೆ ಅಂಟಿಕೊಳ್ಳುತ್ತದೆ. ಜಾರಿದರೂ ತಲೆಕೆಳಗಾಗಿ ನೇತಾಡಿ ಮತ್ತೆ ಹತ್ತಿಕೊಳ್ಳುವುದುಂಟು. ತೊಟ್ಟಿಲು ತೂಗುವವರಿಲ್ಲದಿದ್ದರೂ ಇಡೀ ಮರ ತೂಗುತ್ತದೆ. ಹಾರಲು ಏಳು ವಾರ ಬೇಕು, ಹಾರಿದ ಮೇಲೂ ಊಟಕ್ಕೆ ಅದೇ ಕೊಂಬೆಗೆ ಬಂದು ಕೂತು ಬಾಯಿ ತೆರೆಯುತ್ತದೆ. ಮಕ್ಕಳು ನೌಕರಿಗೆ ಸೇರಿದ ಮೇಲೂ ಡಬ್ಬಿ ಕಟ್ಟಿಕೊಡುವ ತಾಯಂದಿರಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ಊಟ ಬರುವ ಬಗೆ ಇನ್ನೂ ಚೆನ್ನ. ಹಲವು ಕಡಲ ಹಕ್ಕಿಗಳು ತಿಂದದ್ದನ್ನು ಕಕ್ಕಿ ಮರಿಗೆ ಕೊಡುತ್ತವೆ. ಬಿಳಿ ರೀವ ಇಡೀ ಮೀನನ್ನು ಕೊಕ್ಕಿನಲ್ಲಿ ಅಡ್ಡಡ್ಡ ಕಚ್ಚಿ ತರುತ್ತದೆ, ಅದೂ ಒಂದಲ್ಲ, ನಾಲ್ಕೈದು ಒಟ್ಟಿಗೆ. ಬೆಳ್ಳಿಯಂಥ ಕಿರುಮೀನುಗಳು ಕೊಕ್ಕಿನ ಎರಡೂ ಬದಿಗೆ ಇಳಿಬಿದ್ದಿರುತ್ತವೆ. ನೀರಿನ ಮೇಲ್ಮೈಗೆ ಬಂದ ಮೀನನ್ನು ಎರಗಿ ಎತ್ತುವ ಹಕ್ಕಿ ಇದು, ಆಳಕ್ಕೆ ಮುಳುಗುವುದಿಲ್ಲ. ನನಗೆ ಬಗೆಹರಿಯದಿದ್ದದ್ದು, ಬಾಯಿ ತೆರೆಯದೆ ಎರಡನೆಯ ಮೀನು ಹಿಡಿಯಲಾಗದು, ತೆರೆದರೆ ಮೊದಲನೆಯದು ಬಿದ್ದುಹೋಗಬೇಕಲ್ಲ ಎಂಬುದು. ಹಿಡಿದದ್ದನ್ನು ನಾಲಿಗೆಯಿಂದ ಮೇಲಿನ ಕೊಕ್ಕಿಗೆ ಒತ್ತಿಕೊಂಡು ಉಳಿದ ಸಂದಿನಲ್ಲಿ ಮುಂದಿನದನ್ನು ಹಿಡಿಯುತ್ತದಂತೆ. ಸಂತೆಯಲ್ಲಿ ಎರಡೂ ಕೈಗೆ ಚೀಲ ಹಿಡಿದು ಕಂಕುಳಲ್ಲಿ ಸೋರೆಕಾಯಿ ಇರುಕಿಸಿಕೊಂಡು ದುಡ್ಡು ಎಣಿಸುವ ಹೆಂಗಸರನ್ನು ನೋಡಿದ ನಮಗೆ ಇದನ್ನು ನಂಬುವುದು ಕಷ್ಟವಾಗಬಾರದು.

ಸರಿ, ಗೂಡು ಯಾಕೆ ಕಟ್ಟುವುದಿಲ್ಲ? ಸೋಮಾರಿತನ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 1979ರಲ್ಲಿ ಪಕ್ಷಿವಿಜ್ಞಾನದ ‘ಐಬಿಸ್’ ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ತಲೆಬರಹವಾಗಿಟ್ಟುಕೊಂಡು ಒಂದು ಲೇಖನ ಬಂತು. ಮುಂದಿಟ್ಟ ಕಾರಣ ಸರಳ: ಗೂಡು ಅಂದಮೇಲೆ ಉಣ್ಣೆ, ಹೇನು, ಚಿಗಟ. ಇದೇ ದ್ವೀಪಗಳಲ್ಲಿ ಇದರ ನೆಂಟ ನಾಡ್ಡಿ ಎಂಬ ಹಕ್ಕಿ ಎಲೆ, ಪಾಚಿಗಳನ್ನು ತನ್ನ ಹಿಕ್ಕೆಯಿಂದಲೇ ಅಂಟಿಸಿ ಗೂಡು ಕಟ್ಟುತ್ತದೆ. ವರ್ಷವರ್ಷವೂ ಅದರಲ್ಲೇ ಮೊಟ್ಟೆ, ಅದರಲ್ಲೇ ಮರಿ, ಅದರಲ್ಲೇ ರಕ್ತ ಹೀರುವ ಬಾಡಿಗೆದಾರರು. ಬೋಳು ಕೊಂಬೆಯಲ್ಲಿ ಹೇನು ಅಡಗುವುದೆಲ್ಲಿ? ಗಾಳಿಗೆ ಕೆಲವು ಮೊಟ್ಟೆ ಬಿದ್ದುಹೋಗುತ್ತವೆ, ನಿಜ. ಬಿದ್ದರೆ ಮತ್ತೆ ಇಡಲು ಬಿಳಿ ರೀವಕ್ಕೆ ಹೆಚ್ಚು ದಿನ ಬೇಕಿಲ್ಲ, ಕಟ್ಟಡದ ಕೆಲಸ ಇಲ್ಲವಲ್ಲ. ಲೆಕ್ಕ ಹಾಕಿದರೆ ಲಾಭವೇ. ಗೆದ್ದಲು, ಸೋರುವ ತಾರಸಿ, ನೆರೆಮನೆಯವನ ಕಾಂಪೌಂಡ್ ತಗಾದೆಗಳಲ್ಲಿ ಅರ್ಧ ಆಯುಷ್ಯ ಕಳೆದ ನಮಗೆ ಈ ವಾದ ಬೇಗ ತಲೆಗೆ ಹೋಗುತ್ತದೆ.

ಕೊಂಬೆಯೇ ಆಗಬೇಕೆಂಬ ಹಟವೂ ಅದಕ್ಕಿಲ್ಲ. ಬಂಡೆಯ ಚಾಚು, ಕಿಟಕಿಯ ಸಜ್ಜೆ, ಮೆಟ್ಟಿಲ ಕಟಾಂಜನ, ಎಲ್ಲವೂ ನಡೆಯುತ್ತದೆ. ಪೆಸಿಫಿಕ್ಕಿನ ಮಿಡ್‌ವೇ ದ್ವೀಪದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಡಲಡಿಯ ತಂತಿ ಎಳೆಯಲು ಬಂದ ಕಂಪನಿಯವರು ಗಾಳಿಮರ ನೆಟ್ಟರು, ಕಾರವಾರದಿಂದ ಹೊನ್ನಾವರದವರೆಗೆ ನಮ್ಮ ಕರಾವಳಿಯಲ್ಲಿ ಮರಳು ತಡೆಯಲು ನೆಟ್ಟ ಅದೇ ಗಾಳಿಮರ. ಮರಗಳೇ ವಿರಳವಾಗಿದ್ದ ಆ ದ್ವೀಪದಲ್ಲಿ ಬಿಳಿ ರೀವಗಳಿಗೆ ಸಾವಿರಾರು ಕೊಂಬೆಗಳು ಸಿಕ್ಕಂತಾಯಿತು.

ಇದರ ನಾಡು ಭೂಮಿಯ ನಡುವಿಗೆ ಸುತ್ತಿದ ಬಿಸಿಲ ಪಟ್ಟಿ. ಹವಾಯಿಯಿಂದ ದಕ್ಷಿಣದ ಪಾಲಿನೇಷ್ಯ ದ್ವೀಪಗಳವರೆಗೆ ಪೆಸಿಫಿಕ್, ಅಟ್ಲಾಂಟಿಕ್ಕಿನಲ್ಲಿ ಅಸೆನ್ಷನ್ ಮತ್ತು ಸೇಂಟ್ ಹೆಲೆನಾ, ಹಿಂದೂ ಮಹಾಸಾಗರದಲ್ಲಿ ಸೀಶೆಲ್ಸ್, ಚಾಗೋಸ್. ನಮಗೆ ಹತ್ತಿರದ್ದು ಮಾಲ್ಡೀವ್ಸಿನ ದಕ್ಷಿಣ ತುದಿಯಲ್ಲಿ, ಸಮಭಾಜಕವನ್ನೂ ದಾಟಿ ಇರುವ ಅಡ್ಡು. ಮಾಲ್ಡೀವ್ಸಿನ ಅಷ್ಟೊಂದು ಹವಳದ್ವೀಪಗಳನ್ನು ಬಿಟ್ಟು ಅಲ್ಲೊಂದರಲ್ಲೇ ಇದು ನೆಲೆಸಿದೆ. ಅಲ್ಲಿಯವರು ಇದನ್ನು ಧೊಂಧೀನಿ ಎನ್ನುತ್ತಾರೆ. ಏರ್ ಸೀಶೆಲ್ಸ್ ವಿಮಾನದ ಬಾಲದ ಮೇಲೆ ಹಾರುತ್ತಿರುವ ಜೋಡಿಯೂ ಇದೇ.

ಎಲ್ಲೆಡೆಯೂ ಕಥೆ ಸುಖಾಂತವಲ್ಲ. ಅಸೆನ್ಷನ್ನಿಗೆ 1815ರಲ್ಲಿ ಸೈನಿಕರು ಕಾಲಿಟ್ಟರು, ಅವರ ಹಿಂದೆಯೇ ಬೆಕ್ಕುಗಳು. ನೆಲದ ಮೇಲೆ ಮೊಟ್ಟೆಯಿಡುವ ಬಹುಪಾಲು ಹಕ್ಕಿಗಳು ಕಡಲೊಳಗಿನ ಬಂಡೆಗಳಿಗೆ ಓಡಿಹೋದವು. ದ್ವೀಪ ಬೆಕ್ಕುಮುಕ್ತವೆಂದು ಘೋಷಣೆಯಾದದ್ದು 2006ರಲ್ಲಿ. ಬೆಕ್ಕು ಹತ್ತಲಾರದ ಕಡಿದಾದ ಗೋಡೆಬಂಡೆಗಳಲ್ಲಿ ಮೊಟ್ಟೆಯಿಡುತ್ತಿದ್ದ ಬಿಳಿ ರೀವ ಮಾತ್ರ ಅಷ್ಟೂ ಕಾಲ ಉಳಿದುಕೊಂಡಿತು. ಸೀಶೆಲ್ಸಿನಲ್ಲಿ ಅದಕ್ಕೆ ಆ ಅದೃಷ್ಟವಿರಲಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಇಲಿ ಹಿಡಿಯಲೆಂದು ಆಫ್ರಿಕದಿಂದ ಕಣಜ ಗೂಬೆ ತಂದುಬಿಟ್ಟರು. ಇಲಿಯ ಹಿಂದೆ ಓಡುವುದಕ್ಕಿಂತ ಕತ್ತಲಲ್ಲಿ ಹೊಳೆಯುವ, ಕೂತಲ್ಲಿಂದ ಕದಲದ ಬಿಳಿ ಹಕ್ಕಿಯನ್ನು ಎತ್ತಿಕೊಂಡು ಹೋಗುವುದು ಸುಲಭ ಎಂದು ಗೂಬೆ ಬೇಗ ಕಂಡುಕೊಂಡಿತು. ಗೂಬೆಯ ತಲೆಗೆ ಬಹುಮಾನ ಕಟ್ಟುವ ಸರದಿ ಆಮೇಲೆ ಬಂತು.

ಇಷ್ಟರ ನಡುವೆ ಹೊನೊಲುಲುವಿನದೇ ಬೇರೆ ಸಮಾಚಾರ. ಆ ನಗರವಿರುವ ಓಅಹು ದ್ವೀಪದಲ್ಲಿ ಈ ಹಕ್ಕಿ ಮೊಟ್ಟೆಯಿಟ್ಟದ್ದು ಮೊದಲು ದಾಖಲಾದದ್ದು 1961ರಲ್ಲಿ, ಕೋಕೋ ಹೆಡ್ ಎಂಬ ಗುಡ್ಡದ ಹತ್ತಿರ. ಒಂದೇ ಜೋಡಿ. ಹವಾಯಿಯ ಜನವಿಲ್ಲದ ವಾಯುವ್ಯ ದ್ವೀಪಗಳಲ್ಲಿ ಬೇಕಾದಷ್ಟು ಜಾಗವಿದ್ದರೂ ಅವು ನಗರದ ಕಡೆಗೇ ಸರಿದವು. ಈಗ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಅದೂ ದ್ವೀಪದ ತುಂಬ ಹರಡಿಲ್ಲ. ಕಾಡು ಬೇಡ, ಹಿನ್ನಾಡು ಬೇಡ, ಪೇಟೆಯೇ ಬೇಕು. ವೈಕೀಕಿಯ ಹೋಟೆಲುಗಳ ನಡುವೆ, ಆಫೀಸುಗಳ ಅಂಗಳದಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ. 2007ರಲ್ಲಿ ನಗರವೂ ಸೋತು ಇದನ್ನೇ ತನ್ನ ಅಧಿಕೃತ ಹಕ್ಕಿ ಎಂದು ಸಾರಿತು. ಹವಾಯಿ ಮಾತಿನಲ್ಲಿ ಇದು ಮನು-ಓ-ಕೂ, ಕೂ ದೇವರ ಹಕ್ಕಿ.

ಅದು ಆರಿಸಿಕೊಂಡ ಮರಗಳೂ ಅದರ ಹಾಗೆ ಹೊರಗಿನಿಂದ ಬಂದವು. ಅಮೆರಿಕದ ಉಷ್ಣವಲಯದಿಂದ ಹೊರಟು ಹೊನೊಲುಲುವಿಗೂ ಬೆಂಗಳೂರಿಗೂ ತಲುಪಿದ ಮಳೆ ಮರ. ಇಓಲಾನಿ ಅರಮನೆಯ ಅಂಗಳದಲ್ಲಿ ಬಿಳಲು ಬಿಟ್ಟು ಹರಡಿದ ನಮ್ಮದೇ ಆಲ. ಆಲದ ಕೆಳಗೆ ನಿಂತು ಮೇಲೆ ನೋಡಿದರೆ ಗಿಳಿ, ಕುಟ್ರು ಹಕ್ಕಿ ಕಾಣಬೇಕಾದಲ್ಲಿ ಕಡಲ ಹಕ್ಕಿ ಕಾಣುವುದಕ್ಕೆ ನನ್ನ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಪೇಟೆಯಲ್ಲಿ ಬೆಕ್ಕೂ ಇದೆ, ಇಲಿಯೂ ಇದೆ, ಗೂಬೆಯೂ ಇದೆ. ಅವುಗಳಷ್ಟೇ ದೊಡ್ಡ ಅಪಾಯ ಮರ ಕಡಿಯುವ ಗರಗಸ. ಗೂಡಿದ್ದರೆ ಕೆಲಸದವರಿಗೆ ಕಣ್ಣಿಗೆ ಬೀಳುತ್ತಿತ್ತು. ಗೂಡಿಲ್ಲದ ಮನೆಯನ್ನು ಗುರುತಿಸುವುದು ಹೇಗೆ? ಕೊಂಬೆ ಕಡಿದರೆ ಮನೆಯ ಜೊತೆಗೆ ಮಗುವೂ ಹೋಯಿತು. ಆದರೆ ಹಳೆಯ ಗರಗಸದ ಗಾಯವೇ ಮೊಟ್ಟೆಗೆ ಒಳ್ಳೆಯ ತಗ್ಗು ಮಾಡಿಕೊಡುವುದೂ ಉಂಟು, ನಾವು ನೋಡಿದ ಕೊಂಬೆಯಲ್ಲಿದ್ದ ಹಾಗೆ. ಅಲ್ಲಿನ ಹಕ್ಕಿಪ್ರಿಯರು ಹುಯಿ ಮನು-ಓ-ಕೂ ಎಂಬ ಕೂಟ ಕಟ್ಟಿಕೊಂಡಿದ್ದಾರೆ. ಮೊಟ್ಟೆಯೋ ಮರಿಯೋ ಇರುವ ಮರದ ಬೊಡ್ಡೆಗೆ ನೀಲಿ ಪಟ್ಟಿ ಸುತ್ತುತ್ತಾರೆ. ಪಟ್ಟಿ ಕಂಡರೆ ಕೊಂಬೆ ಸವರುವವರು ಆ ಮರ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಒಂದು ಮೊಳ ಪ್ಲಾಸ್ಟಿಕ್ ಪಟ್ಟಿ, ಅಷ್ಟೇ ಖರ್ಚು. ನಮ್ಮ ಬಡಾವಣೆಯಲ್ಲಿ ವಿದ್ಯುತ್ ತಂತಿಗೆ ತಾಗುತ್ತದೆಂದು ಹೊಂಗೆಯ ಕೊಂಬೆ ಕಡಿದಾಗ ಬೀದಿಗೆ ಬಿದ್ದ ಕಾಗೆ ಗೂಡು ನೆನಪಾಗಿ, ಈ ಪಟ್ಟಿಯ ಒಂದು ಸುರುಳಿ ಊರಿಗೆ ಒಯ್ಯೋಣವೇ ಅನ್ನಿಸಿತು.

ಹವಾಯಿಯವರಿಗೆ ಇದರ ಹಳೆಯ ಋಣವೂ ಇದೆ. ಬಿಳಿ ರೀವ ಬೆಳಗ್ಗೆ ಕಡಲಿಗೆ ಹೋಗಿ ಸಂಜೆ ನೆಲಕ್ಕೆ ಮರಳುವ ಹಕ್ಕಿ. ನೆಲದಿಂದ ಸುಮಾರು 190 ಕಿ.ಮೀ. ದೂರದವರೆಗೂ ಮೀನಿಗೆ ಹೋಗುತ್ತದೆ. ಪಾಲಿನೇಷ್ಯದ ನಾವಿಕರಿಗೆ ನಡುನೀರಿನಲ್ಲಿ ಸಂಜೆ ಇದು ಹಾರುವುದು ಕಂಡರೆ, ಅದರಲ್ಲೂ ಕೊಕ್ಕಿನಲ್ಲಿ ಮೀನಿದ್ದರೆ, ಅದು ಹೋಗುವ ದಿಕ್ಕಿಗೆ ದ್ವೀಪವಿದೆ ಎಂದೇ ಲೆಕ್ಕ. ಎಲ್ಲೋ ಒಂದು ಕೊಂಬೆಯ ಮೇಲೆ ಬಾಯೊಂದು ಕಾಯುತ್ತಿದೆ. ಬೆಳಗ್ಗೆ ಕಂಡರೆ ಲೆಕ್ಕ ತಿರುಗುಮುರುಗು. 1976ರಲ್ಲಿ ಹೊಕುಲೇಆ ಎಂಬ ಜೋಡಿ ಒಡಲಿನ ಹಾಯಿದೋಣಿ ಹವಾಯಿಯಿಂದ ಟಹೀಟಿಗೆ ಹೊರಟಾಗ ಚುಕ್ಕಾಣಿಗೆ ದಿಕ್ಕು ಹೇಳುತ್ತಿದ್ದವರು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮೌ ಪಿಯೈಲುಗ್. ದಿಕ್ಸೂಚಿ ಇಲ್ಲ, ನಕ್ಷೆಯಿಲ್ಲ. ನಕ್ಷತ್ರ, ಅಲೆಯ ಬೀಸು, ಗಾಳಿ ನೋಡಿಕೊಂಡೇ ತಿಂಗಳೊಂದರ ಪಯಣ. ಮಟೈವಾ ಎಂಬ ಮೊದಲ ದ್ವೀಪ ಹತ್ತಿರವಾಯಿತೆಂದು ಸುಳಿವು ಕೊಟ್ಟವುಗಳಲ್ಲಿ ಬಿಳಿ ರೀವಗಳೂ ಇದ್ದವು. ಸ್ವಂತ ಮನೆಯಿಲ್ಲದ ಹಕ್ಕಿ ಪರರಿಗೆ ಊರಿನ ದಾರಿ ತೋರಿಸಿಕೊಂಡು ಬಂದಿದೆ. ಮೂವತ್ತು ವರ್ಷ ದಾಟಿ ಬದುಕುವ ಹಕ್ಕಿಗಳೂ ಇವುಗಳಲ್ಲಿ ಇರುವುದರಿಂದ ಆ ಕೊಂಬೆ, ಆ ದಾರಿ ಅದಕ್ಕೆ ಚೆನ್ನಾಗಿ ರೂಢಿಯಾಗಿರುತ್ತದೆ. ಒಗ್ಗಿದ ಕೊಂಬೆಯ ಅದೇ ಗೇಣು ಜಾಗಕ್ಕೆ ವರ್ಷವರ್ಷವೂ ಬಂದು ಮೊಟ್ಟೆಯಿಡುತ್ತದೆ.

ಹೊನೊಲುಲುವಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ಹೋದವರಿಗೆ ಒಂದು ಮಾತು. ದೋಣಿ ವಿಹಾರಕ್ಕೆ ದುಡ್ಡು ಕಟ್ಟುವ ಮೊದಲು ಪೇಟೆಯ ದೊಡ್ಡ ಮರಗಳ ಕೆಳಗೆ ಒಂದು ಸುತ್ತು ಬನ್ನಿ. ಕಾಲುದಾರಿಯ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆ ಬಿದ್ದಿದೆಯೇ, ಬೊಡ್ಡೆಗೆ ನೀಲಿ ಪಟ್ಟಿ ಕಟ್ಟಿದೆಯೇ ನೋಡಿಕೊಳ್ಳಿ. ಇದ್ದರೆ ಅಲ್ಲೇ ನಿಂತು ತಲೆಯೆತ್ತಿ. ವರ್ಷದ ಯಾವ ತಿಂಗಳಾದರೂ ಸರಿ, ಯಾವುದಾದರೊಂದು ಕೊಂಬೆಯ ಮೇಲೆ ಒಂದು ಮೊಟ್ಟೆ ಇದ್ದೇ ಇರುತ್ತದೆ. ಬೈನಾಕ್ಯುಲರ್ ಬೇಕಿಲ್ಲ, ಟೋಪಿ ಇದ್ದರೆ ಒಳ್ಳೆಯದು.